ಎಡಗೆನ್ನೆಯ ಬಿಸಿ

ರಜೆ ಮುಗಿಸಿ ರಂಗಮಂದಿರಕ್ಕೆ ಬಂದ ದೀಪದಕ್ಕನ ಕಣ್ಣಿಗೆ ಮೊದಲು ಬಿದ್ದದ್ದು ಅವಳ ದೀಪಗಳೇ. ಆದರೆ ಅವು ಇರಬೇಕಾದ ಜಾಗದಲ್ಲಿ ಇರಲಿಲ್ಲ. ರಂಗದ ಮೇಲೆ ಕಬ್ಬಿಣದ ಕಂಬಿಗಳಲ್ಲಿ ಸಾಲಾಗಿ ತೂಗಬೇಕಾದವು ಹಿಂಬಾಗಿಲ ಓಣಿಯಲ್ಲಿ, ಶೌಚಾಲಯದ ಗೋಡೆಗೆ ಒರಗಿ, ಒಂದರ ಮೇಲೊಂದು ಬಿದ್ದಿದ್ದವು. ಯಾರೋ ಪುಣ್ಯಾತ್ಮರು ಒಂದು ರಟ್ಟು ಸಿಕ್ಕಿಸಿ ದಪ್ಪಕ್ಷರದಲ್ಲಿ ‘ಗುಜರಿ’ ಎಂದು ಬರೆದಿದ್ದರು. ಒಂದರ ಗಾಜು ಒಡೆದಿತ್ತು. ಇನ್ನೊಂದರ ಮೂತಿಯೊಳಗೆ ಚಹಾ ಕುಡಿದು ಬಿಸಾಡಿದ ಕಾಗದದ ಲೋಟ ತುರುಕಿದ್ದರು.

ಆ ಲೋಟ ಕಂಡದ್ದೇ ತಡ, ಅವಳ ಮೈಯೆಲ್ಲ ಉರಿದುಹೋಯಿತು. ದೀಪ ಇಳಿಸಿದ್ದನ್ನು ಬೇಕಾದರೆ ಎಂದಾದರೂ ಕ್ಷಮಿಸುತ್ತಿದ್ದಳೋ ಏನೋ, ಲೋಟವನ್ನು ಮಾತ್ರ ಸಾಯುವ ತನಕ ಕ್ಷಮಿಸುವವಳಲ್ಲ. ಅವಳ ಅರ್ಧ ಆಯುಸ್ಸು ಈ ದೀಪಗಳ ಜೊತೆ ಕಳೆದಿತ್ತು. ನಾಟಕ ಶುರುವಾಗುವ ಮುಂಚೆ ಒಂದೊಂದನ್ನೂ ಸಣ್ಣಗೆ ಹಚ್ಚಿ, ಒಳಗಿನ ತಂತಿ ಬೆಚ್ಚಗಾಗುವವರೆಗೆ ಕಾಯುತ್ತಿದ್ದಳು. ತಣ್ಣಗಿರುವ ತಂತಿಗೆ ಒಮ್ಮೆಗೇ ಪೂರ್ತಿ ಕರೆಂಟು ಕೊಟ್ಟರೆ ಪಟ್ಟೆಂದು ಹೋಗಿಬಿಡುತ್ತದೆ. ಮನುಷ್ಯರನ್ನು ನಿದ್ದೆಯಿಂದ ಎಬ್ಬಿಸುವಾಗಲೂ ಇಷ್ಟು ನಯ ಅವಳಿಗೆ ಇರಲಿಲ್ಲ ಎಂದು ಮನೆಯಲ್ಲಿ ಗಂಡ ಗೊಣಗುವುದಿತ್ತು. ಲೋಟವನ್ನು ಕೈಯಲ್ಲಿ ಹಿಡಿದುಕೊಂಡೇ ಅವಳು ಮ್ಯಾನೇಜರ್ ಕೋಣೆಗೆ ನುಗ್ಗಿದಳು.

ಮ್ಯಾನೇಜರ್ ಕೆಟ್ಟವನೇನಲ್ಲ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಚೆನ್ನಾಗಿ ಬೈದು ಬರಬಹುದಿತ್ತು. ಇವನು ಎದ್ದು ನಿಂತು, ಕುರ್ಚಿ ಎಳೆದುಕೊಟ್ಟು, ಕುಡಿಯಲು ನೀರು ತರಿಸಿ, ಆಮೇಲೆ ನಿಧಾನವಾಗಿ ಕುತ್ತಿಗೆ ಕೊಯ್ಯುವ ಪೈಕಿ.

“ಅಕ್ಕಾ, ಕೂತ್ಕೊಳ್ಳಿ. ನಿಮಗೆ ಫೋನ್ ಮಾಡ್ಬೇಕು ಅಂತಲೇ ಇದ್ದೆ.”

“ಫೋನ್ ಮಾಡ್ಬೇಕು ಅಂತ ಬರೀ ಅಂದ್ಕೊಂಡ್ರಿ. ದೀಪ ಇಳಿಸೋದನ್ನ ಮಾತ್ರ ಅಂದ್ಕೊಂಡು ಸುಮ್ಮನಾಗ್ಲಿಲ್ಲ, ಮಾಡೇ ಬಿಟ್ರಿ.”

“ಹೊಸದು ನೋಡಿ, ಆಮೇಲೆ ಬಯ್ಯಿರಿ. ಬಲ್ಬು ಸುಟ್ಟುಹೋಗೋ ಗೋಳಿಲ್ಲ. ಏಣಿ ಹತ್ತಿ ಬಣ್ಣದ ಹಾಳೆ ಸಿಕ್ಕಿಸೋ ಹಾಗಿಲ್ಲ, ಕೂತಲ್ಲೇ ಕೋಟಿ ಬಣ್ಣ ಬರುತ್ತೆ. ಕರೆಂಟೂ ಉಳಿಯುತ್ತೆ.”

“ಆ ಕೋಟಿ ಬಣ್ಣದಲ್ಲಿ ಮನುಷ್ಯರ ಮುಖದ ಬಣ್ಣ ಒಂದಾದ್ರೂ ಇದೆಯಾ?”

ಅವನು ನಕ್ಕ. ಅವಳ ಕೋಪವನ್ನು ಅವನು ಯಾವಾಗಲೂ ಒಂದು ತಮಾಷೆಯ ಹಾಗೆ ಸವಿಯುತ್ತಿದ್ದ. “ಎಲ್ಲಕ್ಕಿಂತ ದೊಡ್ಡ ಲಾಭ ಏನು ಗೊತ್ತಾ? ಬಿಸಿಯೇ ಇಲ್ಲ. ನಟರು ಇನ್ಮೇಲೆ ಬೆವರಿ ಬಣ್ಣ ಕರಗಿಸಿಕೊಳ್ಳೋ ಹಾಗಿಲ್ಲ. ಎಷ್ಟು ಹತ್ತಿರ ನಿಂತ್ರೂ ತಣ್ಣಗೆ!”

ಬಿಸಿಯೇ ಇಲ್ಲ. ಈ ಮಾತು ಕೇಳಿ ದೀಪದಕ್ಕನ ಕೈಯಲ್ಲಿದ್ದ ಲೋಟ ಮುದುಡಿಹೋಯಿತು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದು ನಿಂತಿತು. ಅವಳು ತುಟಿ ಕಚ್ಚಿಕೊಂಡು ಎದ್ದುಬಂದಳು.

ಅವಳ ಬಾಯಿಗೆ ಬೀಗ ಹಾಕಿದ್ದು ಅವಳ ಅತ್ತೆ. ಊರಿನವರೆಲ್ಲ ‘ದೊಡ್ಡಮ್ಮ’ ಎಂದು ಕರೆಯುವ, ಆ ರಂಗಮಂದಿರದ ಅತ್ಯಂತ ಹಿರಿಯ ನಟಿ. ಕೆಲವು ವರ್ಷಗಳಿಂದ ಅತ್ತೆಯ ಕಣ್ಣು ಮಂಜಾಗುತ್ತಾ ಬಂದು ಈಗ ಪೂರ್ತಿ ಹೋಗಿತ್ತು. ಬೆಳಗಾಯಿತೋ ಕತ್ತಲಾಯಿತೋ ಎನ್ನುವುದನ್ನೂ ಬೀದಿಯ ಸದ್ದಿನಿಂದ ತಿಳಿದುಕೊಳ್ಳಬೇಕಿತ್ತು. ಡಾಕ್ಟರುಗಳು ಕೈಚೆಲ್ಲಿದ್ದರು. ಇದು ಗೊತ್ತಿದ್ದದ್ದು ಮನೆಯ ಮೂವರಿಗೆ ಮಾತ್ರ: ಅತ್ತೆಗೆ, ದೀಪದಕ್ಕನಿಗೆ ಮತ್ತು ಅವಳ ಗಂಡನಿಗೆ. ಗಂಡ ಬಸ್ ಓಡಿಸುವವನು; ಅಮ್ಮ ಮತ್ತು ಹೆಂಡತಿ ಮಾತಾಡುವಾಗ ನಡುವೆ ಹಾರ್ನ್ ಹೊಡೆಯಬಾರದೆಂಬ ಬುದ್ಧಿ ಅವನಿಗೆ ಮದುವೆಯಾದ ಹೊಸದರಲ್ಲೇ ಬಂದಿತ್ತು.

ಹೊರಗಿನವರಿಗೆ ತಿಳಿಯದ್ದಕ್ಕೆ ಕಾರಣ ಅತ್ತೆಯ ಗರ್ವ. ಆಕೆ ಚಿಕ್ಕಂದಿನಿಂದಲೂ ಯಾರನ್ನೂ ತಿರುಗಿ ನೋಡಿದವಳಲ್ಲ, ಯಾರ ನಮಸ್ಕಾರಕ್ಕೂ ಕ್ಯಾರೇ ಅಂದವಳಲ್ಲ. ಕಣ್ಣು ಹೋದ ಮೇಲೂ ಹಾಗೇ ಇದ್ದಳು. ಎದುರಿಗೆ ನಿಂತವರನ್ನು ಗುರುತಿಸದೆ ದಾಟಿಹೋದರೆ ಜನ, “ಮುದುಕಿಗೆ ಇನ್ನೂ ಸೊಕ್ಕು ಇಳಿದಿಲ್ಲ ನೋಡು,” ಎನ್ನುತ್ತಿದ್ದರು. ಮನೆಗೆ ಬಂದು ಅದನ್ನು ಹೇಳಿಕೊಂಡು ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ರಂಗದ ಮೇಲೆ ದಾರಿ ತೋರಿಸುತ್ತಿದ್ದದ್ದು ದೀಪದ ಬಿಸಿ. ಅದನ್ನು ಕಂಡುಕೊಂಡವಳು ಅತ್ತೆಯೇ. ಒಮ್ಮೆ ತಾಲೀಮಿನಲ್ಲಿ ಎಲ್ಲಿದ್ದೇನೆಂದು ತಿಳಿಯದೆ ನಿಂತವಳು, ಬಿಸಿಲು ಹುಡುಕುವ ಬೆಕ್ಕಿನ ಹಾಗೆ ಮುಖವನ್ನು ಅತ್ತಿತ್ತ ತಿರುಗಿಸಿದಳು. ಆಮೇಲೆ ನೇರವಾಗಿ ನಡೆದು ತನ್ನ ಕುರ್ಚಿಯಲ್ಲಿ ಕೂತಳು. ಅಂದಿನಿಂದ ಸೊಸೆ ದೀಪಗಳನ್ನು ಬೆಳಕಿಗಾಗಿ ಅಲ್ಲ, ಅತ್ತೆಯ ಚರ್ಮಕ್ಕಾಗಿ ಕಟ್ಟತೊಡಗಿದಳು. ಈಗಿನ ನಾಟಕದಲ್ಲಿ ಅತ್ತೆಯದು ಕಳ್ಳತನದ ಆರೋಪ ಹೊತ್ತು ಕೋರ್ಟಿನಲ್ಲಿ ನಿಂತ ಬಟ್ಟೆ ಒಗೆಯುವ ಮುದುಕಿಯ ಪಾತ್ರ. ಆಕೆ ಮೂರು ಜಾಗಕ್ಕೆ ಹೋಗಬೇಕು. ಕಟಕಟೆಯಲ್ಲಿ ಎಡಗೆನ್ನೆಗೆ ಬಿಸಿ. ಬೆಂಚಿನ ಮೇಲೆ ನೆತ್ತಿಗೆ. ಬಾಗಿಲ ಹತ್ತಿರ ಬೆನ್ನಿಗೆ. ಒಂದು ಬಿಸಿ ಮುಗಿಯುವಲ್ಲಿ ಇನ್ನೊಂದು ತಗುಲುವ ಹಾಗೆ ದೀಪದಕ್ಕ ಕಟ್ಟಿದ್ದಳು. ನೋಡುವವರಿಗೆ ಕಾಣುತ್ತಿದ್ದದ್ದು ಬೆಳಕು ಮಾತ್ರ.

“ಯಾರಿಗಾದ್ರೂ ಹೇಳಿದ್ಯೋ, ನೋಡು,” ಎಂದು ಅತ್ತೆ ಆಗಲೇ ಮಾತು ತೆಗೆದುಕೊಂಡಿದ್ದಳು. “ಪಾಪ, ಕಣ್ಣಿಲ್ಲದೋಳು ಎಷ್ಟು ಚೆನ್ನಾಗಿ ಮಾಡ್ತಾಳೆ ಅಂತ ಒಬ್ಬ ಅಂದ್ರೂ ಸಾಕು, ಅವತ್ತೇ ನಾನು ಬಣ್ಣ ಒರೆಸ್ತೀನಿ. ಪಾಪ ಅನ್ಕೊಂಡು ಹೊಡೆಯೋ ಚಪ್ಪಾಳೆ ನನಗೆ ಬೇಡ. ಚೆನ್ನಾಗಿ ಮಾಡದಿದ್ರೆ ಬಯ್ಯಲಿ, ಎದ್ದುಹೋಗಲಿ.”

ಹೀಗಾಗಿ ದೀಪದಕ್ಕನ ಹತ್ತಿರ ಇದ್ದ ಒಂದೇ ಒಂದು ಗಟ್ಟಿ ಕಾರಣವನ್ನು ಆಡುವಂತಿರಲಿಲ್ಲ. ಉಳಿದ ಕಾರಣಗಳನ್ನೆಲ್ಲ ಹೊತ್ತುಕೊಂಡು ಅವಳು ಆಡಳಿತ ಸಮಿತಿಯ ಮುಂದೆ ಹೋದಳು. ಹಳೇ ದೀಪ ಮುಖದ ಮೇಲೆ ಹೇಗೆ ಹರಡುತ್ತದೆ, ಆರಿಸುವಾಗ ಹೇಗೆ ಹಳದಿಯಿಂದ ಕೆಂಪಿಗೆ ಇಳಿದು, ಉಸಿರು ಬಿಟ್ಟ ಹಾಗೆ ಹೋಗುತ್ತದೆ, ಹೊಸದು ಹೇಗೆ ಕಡೆಯಲ್ಲಿ ಬಾಗಿಲು ಬಡಿದ ಹಾಗೆ ಆರುತ್ತದೆ ಎಂದೆಲ್ಲ ಕೈಬೀಸಿ ಹೇಳಿದಳು. ಸಮಿತಿಯವರು ತಲೆದೂಗಿ ಕೇಳಿದರು. ತಲೆದೂಗಿ ಕೇಳುವವರು ತೀರ್ಮಾನ ಮಾಡಿಕೊಂಡೇ ಬಂದಿರುತ್ತಾರೆ.

“ಅಕ್ಕ ಹೇಳೋದನ್ನ ಪರೀಕ್ಷೆ ಮಾಡಿಯೇ ನೋಡೋಣ,” ಎಂದ ಮ್ಯಾನೇಜರ್. ರಂಗದ ಮೇಲೆ ಬಿಳಿ ಬಟ್ಟೆ ಇಳಿಬಿಟ್ಟು, ಅದರ ಹಿಂದೆ ಒಂದು ಕಡೆ ಹಳೇ ದೀಪ, ಇನ್ನೊಂದು ಕಡೆ ಹೊಸದು ಇಡಿಸಿದ. ಬಟ್ಟೆಯ ಮೇಲೆ ಎರಡು ದುಂಡನೆಯ ಬೆಳಕು ಬಿದ್ದವು. ದೀಪದಕ್ಕ ಪ್ರೇಕ್ಷಕರ ಕುರ್ಚಿಯಲ್ಲಿ ಕೂತು ನೋಡಿ ಯಾವುದು ಯಾವುದೆಂದು ಹೇಳಬೇಕು.

ಅವಳು ಒಂದು ಕ್ಷಣವೂ ತಡೆಯಲಿಲ್ಲ. “ಎಡಗಡೇದು ಹಳೇದು. ಇದನ್ನ ಹೇಳೋಕೆ ಪರೀಕ್ಷೆ ಬೇರೆ ಬೇಕಾ?”

ಬಟ್ಟೆ ಸರಿಸಿದರು. ಎಡಗಡೆಯದು ಹೊಸದು.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಸಮಿತಿಯ ಹಿರಿಯರೊಬ್ಬರು ಅವಳ ಭುಜ ತಟ್ಟಿ, “ಹೋಗ್ಲಿ ಬಿಡಮ್ಮ, ಅಭ್ಯಾಸ ಅಂದ್ರೆ ಹಾಗೇನೇ,” ಎಂದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವಳಿಗೆ. ಅವಳಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಹೊಸ ದೀಪ ಮಾಡಿದವರು ದಡ್ಡರಲ್ಲ, ಹಳೆಯದರ ಬಣ್ಣವನ್ನು ಅಚ್ಚುಕಟ್ಟಾಗಿ ಕಲಿತುಕೊಂಡಿದ್ದರು. ಹತ್ತಿರ ಹೋಗಿ ಕೈ ಚಾಚುವುದಕ್ಕೆ ಬಿಟ್ಟಿದ್ದರೆ ಅವಳು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು. ಆದರೆ ಕೈ ಚಾಚಿದರೆ ಯಾಕೆ ಎಂದು ಕೇಳುತ್ತಾರೆ. ಯಾಕೆ ಎಂದು ಹೇಳಿದರೆ ಅತ್ತೆಯ ಬದುಕು ಮುಗಿಯುತ್ತದೆ. ಹೀಗೆ ಸುಳ್ಳು ಕಾರಣಗಳನ್ನು ಹಿಡಿದು ಹೋರಾಡಿ ಅವಳು ನಿಜವಾಗಿಯೂ ಸೋತಿದ್ದಳು.

ಮನೆಗೆ ಬಂದು ಎಲ್ಲವನ್ನೂ ಹೇಳಿದಾಗ ಅತ್ತೆ ಬಟಾಣಿ ಸುಲಿಯುತ್ತಾ ಕೂತಿದ್ದಳು.

“ಅಂದ್ರೆ, ಬೆಳಕಿನ ವಿಷಯದಲ್ಲಿ ನೀನೂ ಕುರುಡಿ ಅಂತಾಯ್ತು.”

“ನಗಬೇಡಿ ಅತ್ತೆ. ನನಗೆ ಯಾರಾದ್ರೂ ಒಬ್ಬರನ್ನ ಹಿಡಿದು ಬಡೀಬೇಕು ಅನ್ನಿಸ್ತಿದೆ.”

“ಬಡಿ. ಆದ್ರೆ ಬಾಯಿ ಬಿಡಬೇಡ.” ಆಮೇಲೆ ಸ್ವಲ್ಪ ಮೆತ್ತಗೆ, “ನಾನು ಹೆಜ್ಜೆ ಲೆಕ್ಕ ಇಟ್ಕೋತೀನಿ ಬಿಡೇ. ಅಷ್ಟೂ ಆಗಲ್ವಾ?” ಎಂದಳು.

ಆಗಲಿಲ್ಲ. ಪಾತ್ರದೊಳಗೆ ಇಳಿದ ಮೇಲೆ ಅತ್ತೆಗೆ ಲೆಕ್ಕ ನೆನಪಿರುತ್ತಿರಲಿಲ್ಲ. ಲೆಕ್ಕ ನೆನಪಿದ್ದರೆ ಪಾತ್ರ ಇರುತ್ತಿರಲಿಲ್ಲ. ಹೊಸ ದೀಪಗಳ ಕೆಳಗಿನ ಮೊದಲ ತಾಲೀಮಿನಲ್ಲೇ ಕಟಕಟೆಯನ್ನು ದಾಟಿ ಮುಂದೆ ಹೋದಳು. ನಿರ್ದೇಶಕ, “ದೊಡ್ಡಮ್ಮ, ಸ್ವಲ್ಪ ಹಿಂದೆ ಬನ್ನಿ,” ಎಂದ. ಹಿಂದೆ ಬಂದವಳು ಬೆಂಚಿನ ಮೂಲೆಗೆ ಮೊಣಕಾಲು ಹೊಡೆದುಕೊಂಡಳು. ಸಿಟ್ಟಿನಿಂದ ಆ ನೋವನ್ನೇ ಮುಂದಿನ ಮಾತಿಗೆ ಬಳಸಿ ಎಲ್ಲರನ್ನೂ ನಡುಗಿಸಿದಳು, ಆದರೆ ಆ ಮಾತನ್ನು ಆಡಿದ್ದು ನ್ಯಾಯಾಧೀಶರಿಗೆ ಬೆನ್ನು ತಿರುಗಿಸಿ. ಎಲ್ಲರೂ ಮುಖಮುಖ ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು: “ಅರಳು ಮರಳು.”

ಮೇಲೆ ಕಂಟ್ರೋಲ್ ರೂಮಿನಲ್ಲಿ ಕೂತಿದ್ದ ದೀಪದಕ್ಕನಿಗೆ ಇದೆಲ್ಲ ಗಾಜಿನ ಮೂಲಕ ಕಾಣುತ್ತಿತ್ತು. ಅವಳ ಮುಂದಿದ್ದ ಹೊಸ ಯಂತ್ರದ ಮೇಲೆ ಕೋಟಿ ಬಣ್ಣದ ಗುಂಡಿಗಳು ಮಿನುಗುತ್ತಿದ್ದವು. ಅವುಗಳಲ್ಲಿ ಒಂದಕ್ಕೂ ಒಬ್ಬ ಮುದುಕಿಯ ಕೆನ್ನೆಯನ್ನು ಮುಟ್ಟುವ ಯೋಗ್ಯತೆ ಇರಲಿಲ್ಲ.

ತಾಲೀಮು ಮುಗಿದ ಮೇಲೆ ಮ್ಯಾನೇಜರ್ ಅವಳನ್ನು ಪಕ್ಕಕ್ಕೆ ಕರೆದ. ಬೆಣ್ಣೆ ಸವರಿದ ದನಿ. “ಅಕ್ಕಾ, ದೊಡ್ಡಮ್ಮನಿಗೆ ವಯಸ್ಸಾಯ್ತು. ನಮಗೆಲ್ಲ ಗೌರವ ಇದೆ. ಈ ನಾಟಕಕ್ಕೆ ಬೇರೆಯವರನ್ನ ಹಾಕ್ಕೊಂಡು, ಅವರಿಗೊಂದು ಭರ್ಜರಿ ಸನ್ಮಾನ ಇಟ್ಟುಕೊಳ್ಳೋಣ ಅಂತಿದ್ದೀವಿ. ಒಳ್ಳೇ ಫಲಕ, ಹೂಗುಚ್ಛ, ಎರಡು ಮಾತು...”

ಸನ್ಮಾನ! ಬದುಕಿರುವವರನ್ನು ಸಾಗಹಾಕುವುದಕ್ಕೆ ಮನುಷ್ಯರು ಕಂಡುಹಿಡಿದ ಅತ್ಯಂತ ಮರ್ಯಾದೆಯ ಉಪಾಯ. ದೀಪದಕ್ಕನಿಗೆ ಅಲ್ಲೇ ಅವನ ಕುತ್ತಿಗೆ ಪಟ್ಟಿ ಹಿಡಿದು ಕೂಗಬೇಕೆನಿಸಿತು: ಆಕೆಯ ತಲೆ ಕೆಟ್ಟಿಲ್ಲ, ವಯಸ್ಸು ಕಾರಣವಲ್ಲ, ಆಕೆಯ ಕಣ್ಣನ್ನು ನೀವು ಕಿತ್ತು ಶೌಚಾಲಯದ ಪಕ್ಕ ಎಸೆದಿದ್ದೀರಿ ಎಂದು. ಹಲ್ಲು ಕಚ್ಚಿಕೊಂಡು, “ಪೂರ್ತಿ ವೇಷದ ತಾಲೀಮಿನ ತನಕ ಟೈಮ್ ಕೊಡಿ. ಅವರು ಸರಿಹೋಗ್ತಾರೆ,” ಎಂದಷ್ಟೇ ಹೇಳಿದಳು.

ಅವಳು ಒಂದು ಉಪಾಯ ಮಾಡಿದಳು. ಗುಜರಿಯವನು ಇನ್ನೂ ಬಂದಿರಲಿಲ್ಲ. ರಾಶಿಯಿಂದ ಗಟ್ಟಿಮುಟ್ಟಾದ ಮೂರು ಹಳೇ ದೀಪಗಳನ್ನು ಆರಿಸಿ ತಂದು, ರಂಗದ ಪಕ್ಕದ ಪರದೆಗಳ ಮರೆಯಲ್ಲಿ, ಮುಖದ ಎತ್ತರಕ್ಕೆ, ತೀರಾ ಹತ್ತಿರದಲ್ಲಿ ಕಟ್ಟಿದಳು. ಅವುಗಳ ಮುಂದೆ ದಟ್ಟ ಕೆಂಪು ಗಾಜು ಇಟ್ಟಳು. ಬೆಳಕು ಅಷ್ಟಾಗಿ ಹೊರಗೆ ಬರುತ್ತಿರಲಿಲ್ಲ, ಬಿಸಿ ಬರುತ್ತಿತ್ತು. ಹೊಸ ದೀಪಗಳ ಝಗಮಗದಲ್ಲಿ ಆ ಚೂರು ಕೆಂಪು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಅದರ ಸ್ವಿಚ್ಚುಗಳನ್ನು ತನ್ನ ಯಂತ್ರದ ಪಕ್ಕದಲ್ಲೇ ಇಟ್ಟುಕೊಂಡಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಆದರೆ ಹೀಗೆ ಕದ್ದುಮುಚ್ಚಿ ಕಟ್ಟಿದ್ದೇನೆ ಎಂದರೆ ಅತ್ತೆ ಒಪ್ಪುವವಳಲ್ಲ. “ನನಗೊಬ್ಬಳಿಗೇ ಊರುಗೋಲು ಕೊಡ್ತಿದ್ದೀಯಾ?” ಎಂದು ಕೇಳುತ್ತಾಳೆ. ಅದಕ್ಕೆ ದೀಪದಕ್ಕ ಹೇಳಬಾರದ ಸುಳ್ಳೊಂದನ್ನು ಹೇಳಿದಳು.

“ಅತ್ತೆ, ಗೆದ್ದೆವು. ನನ್ನ ಕೂಗಾಟ ತಡೀಲಾರದೆ ಎಲ್ಲಾ ಹಳೇ ದೀಪ ವಾಪಸ್ ಹಾಕ್ಸಿದ್ದಾರೆ.”

ಅತ್ತೆ ಎರಡೂ ಕೈ ಚಾಚಿ ಸೊಸೆಯ ಮುಖವನ್ನು ಹುಡುಕಿ ಹಿಡಿದು ಕೆನ್ನೆ ಹಿಂಡಿದಳು. “ನಿನ್ನ ಬಾಯಿ ಎಂಥದ್ದು ಅಂತ ಮನೇಲಿ ನನಗೆ ಗೊತ್ತಿತ್ತು. ಈಗ ಅವರಿಗೂ ಗೊತ್ತಾಯ್ತು ಬಿಡು,” ಎಂದಳು. ಅವಳು ಅಷ್ಟು ಸಂತೋಷಪಟ್ಟದ್ದನ್ನು ನೋಡಿ ಸೊಸೆಗೆ ನಿಜ ಹೇಳುವ ಧೈರ್ಯ ಉಳಿಯಲಿಲ್ಲ.

ಪೂರ್ತಿ ವೇಷದ ತಾಲೀಮಿಗೆ ಸಮಿತಿಯವರೆಲ್ಲ ಬಂದು ಮುಂದಿನ ಸಾಲಿನಲ್ಲಿ ಕೂತರು. ಅತ್ತೆ ಬಂದಳು. ಎಡಗೆನ್ನೆಗೆ ಬಿಸಿ ತಗುಲಿದ್ದೇ ಕಟಕಟೆಯಲ್ಲಿ ನೆಟ್ಟಗೆ ನಿಂತಳು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಬೆಂಚಿಗೆ ಹೋದಳು, ಕೂತಳು, ಎದ್ದಳು. ಮಾತುಗಳು ಒಂದರ ಹಿಂದೊಂದು ಚಾಟಿಯೇಟಿನ ಹಾಗೆ ಬಿದ್ದವು. ನಿರ್ದೇಶಕ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಕಂಟ್ರೋಲ್ ರೂಮಿನಲ್ಲಿ ದೀಪದಕ್ಕನ ಕೈ ಸ್ವಿಚ್ಚುಗಳ ಮೇಲಿತ್ತು. ಸನ್ಮಾನ ಮಾಡ್ತೀರಾ, ಮಾಡಿ ಈಗ, ಎಂದುಕೊಂಡಳು.

ಆಗ ಮ್ಯಾನೇಜರ್, ಹೊಸ ದೀಪಗಳ ಅಂದವನ್ನು ಪಕ್ಕದಿಂದ ನೋಡಲೆಂದು ಪರದೆಯ ಮರೆಗೆ ಬಂದ. ಅಲ್ಲಿ ಬಟ್ಟೆಯ ಅಂಚಿನಲ್ಲಿ ಕೆಂಪಗೆ ಏನೋ ಕುದಿಯುತ್ತಿತ್ತು. ಹತ್ತಿರ ಕೈ ಒಯ್ದು ಸುಟ್ಟುಕೊಂಡ. ಬೆಂಕಿ ಹತ್ತಿಕೊಂಡರೆ ಗತಿಯೇನು ಎಂದು ಗಾಬರಿಯಾಯಿತು. ಗಾಬರಿಯಲ್ಲಿ ಮಾಡಿದ್ದು ತಪ್ಪೆಂದು ಹೇಳಲಾಗದು. ಆದರೆ ಒಂದು ಮಾತು ಕೇಳಿಬಿಟ್ಟಿದ್ದರೆ? ಕೇಳುವ ಅಭ್ಯಾಸವೇ ಇರಲಿಲ್ಲವಲ್ಲ ಅವನಿಗೆ! ಮೂರೂ ದೀಪಗಳಿಗೆ ಹೋಗುವ ತಂತಿಯನ್ನು ಹಿಡಿದು ಕಿತ್ತುಬಿಟ್ಟ.

ಅತ್ತೆ ಆಗ ಕಟಕಟೆಯಲ್ಲಿ ನಿಂತಿದ್ದಳು, ಮಾತಿನ ನಡುವೆ. ಕೆನ್ನೆ ತಣ್ಣಗಾಯಿತು. ಆಕೆ ತಡೆದು ನಿಂತು ಮುಖ ತಿರುಗಿಸಿದಳು. ನೆತ್ತಿಗೂ ಇಲ್ಲ, ಬೆನ್ನಿಗೂ ಇಲ್ಲ. ಎಲ್ಲ ಹಳೇ ದೀಪಗಳೂ ತನ್ನ ಮೇಲೆ ಉರಿಯುತ್ತಿವೆ ಎಂದೇ ನಂಬಿದ್ದವಳು, ಕರೆಂಟು ಹೋಯಿತೆಂದುಕೊಂಡಳು. ಪಾತ್ರದಿಂದ ಹೊರಬಂದು, ಮೇಲಕ್ಕೆ ಮುಖವೆತ್ತಿ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಗದರಿದಳು:

“ಯಾಕ್ರೀ ದೀಪ ಹೋಯ್ತು? ಕತ್ತಲಲ್ಲಿ ಹೇಗೆ ಮಾಡ್ಲಿ ನಾನು?”

ರಂಗದ ಮೇಲೆ ಎಲ್ಲ ಹೊಸ ದೀಪಗಳೂ ಝಗಝಗ ಉರಿಯುತ್ತಿದ್ದವು. ಆ ಬೆಳಕಿನಲ್ಲಿ, ಕತ್ತಲೆಂದು ಕೈ ಮುಂದೆ ಚಾಚಿಕೊಂಡು, ದೊಡ್ಡಮ್ಮ ನಿಂತಿದ್ದಳು. ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಆ ಮೌನ ಆಕೆಗೆ ಎಲ್ಲವನ್ನೂ ತಿಳಿಸಿತು. ಆಕೆ ಚಾಚಿದ ಕೈಯನ್ನು ನಿಧಾನವಾಗಿ ಕೆಳಗಿಳಿಸಿ, “ಓಹೋ,” ಎಂದಳು. ದೀಪದಕ್ಕ ಮೆಟ್ಟಿಲು ಹಾರಿ ಓಡಿಬಂದು ಕೈ ಹಿಡಿಯಲು ಹೋದಾಗ ಕೊಸರಿಕೊಂಡಳು.

ಆಮೇಲೆ ನಡೆದದ್ದು ಇನ್ನೂ ಹೇಸಿಗೆಯದು. ಮ್ಯಾನೇಜರ್ ಕಣ್ಣಲ್ಲಿ ನೀರು ಹಾಕಿಕೊಂಡ, ನಿಜವಾದ ನೀರೇ. “ಅಕ್ಕಾ, ಮೊದಲೇ ಹೇಳ್ಬಾರದಿತ್ತಾ?” ಎಂದು ಬಿಕ್ಕಿದ. ಕಣ್ಣೊರೆಸಿಕೊಂಡ ಮೇಲೆ ಅವನ ತಲೆ ಓಡತೊಡಗಿತು. ಹಳೇ ದೀಪಗಳನ್ನು ಉಳಿಸಿಕೊಳ್ಳುವುದೆಂದು ಸಮಿತಿ ಒಂದೇ ಉಸಿರಿಗೆ ಒಪ್ಪಿತು. ರಂಗದ ಮೇಲೆ ಹೊಸವೇ ಉಳಿದವು, ಪರದೆಯ ಮರೆಯ ಆ ಮೂರು ಹಳೆಯವಕ್ಕೆ ಮತ್ತೆ ತಂತಿ ಜೋಡಿಸಿದರು. ಗುಜರಿ ಎಂಬ ರಟ್ಟು ಹೋಗಿ ‘ನಮ್ಮ ಪರಂಪರೆ’ ಎಂಬ ಫಲಕ ಬಂತು. ಒಂದು ದೀಪವನ್ನು ಉಜ್ಜಿ ತೊಳೆದು ಮುಂಬಾಗಿಲ ಗಾಜಿನ ಪೆಟ್ಟಿಗೆಯಲ್ಲಿ ಕೂರಿಸಿದರು. ಅದರ ಮೇಲ್ಗಡೆ ದೊಡ್ಡಮ್ಮನ ಮುಖದ ಆಳೆತ್ತರದ ಪೋಸ್ಟರು, ಅದರಲ್ಲಿ ಕಣ್ಣುಗಳನ್ನೇ ಎದ್ದುಕಾಣುವ ಹಾಗೆ ಮಾಡಿದ್ದರು. ಕೆಳಗೆ: ‘ಕಣ್ಣಿಲ್ಲದಿದ್ದರೂ ಕಾಣುವ ಕಲಾವಿದೆ’. ಎಲ್ಲ ಪ್ರದರ್ಶನಗಳ ಟಿಕೆಟ್ಟೂ ಖಾಲಿ.

ಮುಖದ ಬಣ್ಣ, ಆರುವ ಕೆಂಪು, ಇಷ್ಟು ವರ್ಷದ ದುಡಿಮೆ ಯಾವುದಕ್ಕೂ ಸೊಪ್ಪು ಹಾಕದವರು, ಕನಿಕರಪಡಲು ಒಂದು ಗಿರಾಕಿ ಸಿಕ್ಕಿದ್ದೇ ದೀಪಗಳನ್ನು ತಲೆಯ ಮೇಲೆ ಹೊತ್ತು ಕುಣಿದರು. ದೀಪದಕ್ಕನಿಗೆ ಗೆದ್ದ ಖುಷಿ ಒಂದು ಚೂರೂ ಆಗಲಿಲ್ಲ. ಪೋಸ್ಟರಿನಲ್ಲಿ ಏನು ಬರೆದಿದೆಯೆಂದು ಅತ್ತೆ ಕೇಳಿದಾಗ, ಈ ಸಲ ಇದ್ದದ್ದನ್ನು ಇದ್ದ ಹಾಗೇ ಓದಿ ಹೇಳಿದಳು. ಸುಳ್ಳು ಹೇಳಿ ಅನುಭವಿಸಿದ್ದು ಸಾಕಾಗಿತ್ತು.

ಅಲ್ಲಿಯವರೆಗೆ ಸೊಸೆಯೊಡನೆ ಮಾತುಬಿಟ್ಟಿದ್ದ ಅತ್ತೆ ಅಂದು ಬಾಯಿ ತೆರೆದಳು. “ಮೊದಲನೇ ಪ್ರದರ್ಶನ ಮಾಡ್ತೀನಿ. ಹೆದರಿ ಓಡಿಹೋದ್ಲು ಅನ್ನಿಸ್ಕೊಳ್ಳೋದು ಬೇಡ. ಅವರು ನಾಟಕ ನೋಡಿದ್ರೆ ಮುಂದುವರೀತೀನಿ. ನನ್ನ ಕಣ್ಣು ನೋಡೋಕೆ ಬಂದಿದ್ರೆ ಅವತ್ತಿಗೇ ಕೊನೆ. ಆಮೇಲೆ ನೀನು ಅಳಬಾರದು, ಆಣೆ ಹಾಕಬಾರದು.”

“ಹೇಗೆ ಗೊತ್ತಾಗುತ್ತೆ ಅತ್ತೆ, ಅವರು ಯಾವುದನ್ನ ನೋಡ್ತಿದ್ದಾರೆ ಅಂತ?”

“ಚಪ್ಪಾಳೆ ಎಲ್ಲಿ ಬೀಳುತ್ತೆ ಅಂತ ಕೇಳಿಸ್ಕೊಂಡ್ರೆ ಸಾಕು. ಕಿವಿಯೇನೂ ಹೋಗಿಲ್ಲ ನನಗೆ.”

ಮೊದಲ ಪ್ರದರ್ಶನದ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಅತ್ತೆ ಪರದೆಯಾಚೆಯಿಂದ ಕಾಲಿಟ್ಟದ್ದೇ ಚಪ್ಪಾಳೆ ಶುರುವಾಯಿತು. ಆಕೆ ಇನ್ನೂ ಒಂದು ಮಾತೂ ಆಡಿರಲಿಲ್ಲ. ಕಟಕಟೆಯನ್ನು ಸರಿಯಾಗಿ ಹುಡುಕಿ ನಿಂತಾಗ ಮತ್ತೆ ಚಪ್ಪಾಳೆ. ಬೆಂಚಿನ ಮೇಲೆ ಕೂತದ್ದಕ್ಕೂ ಚಪ್ಪಾಳೆ! ಮಗು ಮೊದಲ ಸಲ ಹೆಜ್ಜೆ ಇಟ್ಟಾಗ ಮನೆಯವರು ಹೊಡೆಯುತ್ತಾರಲ್ಲ, ಅಂಥದ್ದು. ಆಕೆ ಬಿಟ್ಟ ಬಾಣದಂಥ ಮಾತೊಂದು ಆ ಗದ್ದಲದಲ್ಲಿ ಮುಚ್ಚಿಹೋಯಿತು. ಯಾರಿಗೂ ಅದು ಬೇಕಾಗಿರಲೂ ಇಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಕರವಸ್ತ್ರ ತೆಗೆದು, ಅಳುವ ದೃಶ್ಯ ಬರುವ ಮೊದಲೇ ಅಳುತ್ತಾ ಕೂತಿದ್ದರು. ಪ್ರತಿ ಚಪ್ಪಾಳೆಗೂ ಅತ್ತೆಯ ಮುಖ ಒಂದಿಷ್ಟು ಬಿಗಿಯುತ್ತಾ ಹೋದದ್ದು ಕಂಟ್ರೋಲ್ ರೂಮಿನ ಗಾಜಿನಿಂದ ದೀಪದಕ್ಕನಿಗೆ ಕಂಡಿತು. ಆ ಬಿಗಿ ಅವಳಿಗೆ ಗೊತ್ತು. ಅತ್ತೆ ಮನಸ್ಸಿನಲ್ಲೇ ಬಣ್ಣ ಒರೆಸಿಕೊಳ್ಳುತ್ತಿದ್ದಳು.

ಕೊನೆಯ ದೃಶ್ಯ ಬಂತು. ಮುದುಕಿ ಕಟಕಟೆಯಲ್ಲಿ ನಿಂತು ನ್ಯಾಯಾಧೀಶರಿಗೆ ಕೊಡುವ ಉತ್ತರ. ನಾಟಕದ ಜೀವ ಇರುವುದೇ ಅಲ್ಲಿ. ಅತ್ತೆ ನಿಂತಳು. ನಿಂತದ್ದಕ್ಕೇ ಮತ್ತೆ ಎಲ್ಲರೂ ಚಪ್ಪಾಳೆ ಹೊಡೆದರು.

ದೀಪದಕ್ಕನ ತಲೆಗೆ ರಕ್ತ ಏರಿತು. ಅಷ್ಟು ಹೊತ್ತು ಯಂತ್ರದ ಮೇಲಿದ್ದ ಅವಳ ಕೈ ತಾನಾಗಿಯೇ ಚಲಿಸಿತು. ಹೊಸ ದೀಪಗಳನ್ನು ಎಲ್ಲವನ್ನೂ ಒಟ್ಟಿಗೆ, ಒಂದೇ ಏಟಿಗೆ, ಸೊನ್ನೆಗೆ ಇಳಿಸಿದಳು. ಸಭಾಂಗಣ ಕಗ್ಗತ್ತಲಾಯಿತು. ಮೂರು ಹಳೇ ದೀಪಗಳನ್ನು ಮಾತ್ರ ಮುಟ್ಟಲಿಲ್ಲ. ಅವು ಪರದೆಯ ಮರೆಯಲ್ಲಿ, ದಟ್ಟ ಕೆಂಪು ಗಾಜಿನ ಹಿಂದೆ, ಯಾರಿಗೂ ಏನನ್ನೂ ತೋರಿಸದೆ ತಮ್ಮ ಪಾಡಿಗೆ ಕಾಯುತ್ತಿದ್ದವು. ಅತ್ತೆಯ ಎಡಗೆನ್ನೆಗೆ ಬಿಸಿ ಹಾಗೇ ತಗುಲುತ್ತಿತ್ತು. ಆಕೆಗೆ ಏನೂ ಬದಲಾಗಲಿಲ್ಲ.

ಚಪ್ಪಾಳೆ ಗಕ್ಕನೆ ನಿಂತಿತು. ನೋಡಲು ಏನೂ ಇಲ್ಲದ ಮೇಲೆ ಏತಕ್ಕೆ ಹೊಡೆಯುವುದು? ಕುರ್ಚಿಗಳು ಕಿರುಗುಟ್ಟಿದವು. ಯಾರೋ ಅಯ್ಯೋ ಎಂದರು. ದೀಪದಕ್ಕನ ಕಿವಿಗೆ ಸಿಕ್ಕಿಸಿದ್ದ ಫೋನಿನಲ್ಲಿ ಮ್ಯಾನೇಜರ್ ಕಿರುಚಿದ.

“ಅಕ್ಕಾ! ಬೆಳಕು! ಜನಕ್ಕೆ ಏನೂ ಕಾಣಿಸ್ತಿಲ್ಲ!”

“ಕೇಳಿಸ್ತಿದೆಯಲ್ಲ,” ಎಂದು ಅವಳು ಅದನ್ನು ಕಿವಿಯಿಂದ ಕಿತ್ತು ಮೇಜಿನ ಮೇಲಿಟ್ಟಳು. ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು.

ಕತ್ತಲಲ್ಲಿ ಅತ್ತೆಯ ದನಿ ಎದ್ದಿತು. “ಕಳ್ಳಿ ಅಂದ್ರಿ. ಇಷ್ಟು ವರ್ಷ ನಿಮ್ಮ ಬಟ್ಟೆ ಒಗೆದಿದ್ದೀನಿ. ನಿಮ್ಮ ಮನೆಯ ಕಲೆಗಳೆಲ್ಲ ನನ್ನ ಕೈಗೆ ಗೊತ್ತು. ರಕ್ತ ಯಾವುದು, ಹೆಂಡ ಯಾವುದು, ಕಣ್ಣೀರು ಯಾವುದು, ಒದ್ದೆ ಮಾಡಿ ತಿಕ್ಕಿದ್ರೆ ಬೆರಳಿಗೆ ತಿಳಿಯುತ್ತೆ. ಯಾವತ್ತಾದ್ರೂ ಬಾಯಿ ಬಿಟ್ಟಿದ್ದೀನಾ? ಈಗ ಒಂದು ಹಾಸಿಗೆ ಬಟ್ಟೆ ಕಾಣ್ತಿಲ್ಲ ಅಂತ ನನ್ನನ್ನ ಇಲ್ಲಿ ನಿಲ್ಸಿದ್ದೀರಿ. ಬಿಡ್ಲಾ ಬಾಯಿ?”

ದನಿ ಏರಲಿಲ್ಲ. ಏರಿಸುವ ಅಗತ್ಯವೇ ಬೀಳಲಿಲ್ಲ. ಕೆಮ್ಮು ನಿಂತಿತು, ಕುರ್ಚಿಗಳ ಸದ್ದು ನಿಂತಿತು. ಅಷ್ಟೂ ಜನ 'ಪಾಪ' ಅನ್ನಲು ಬಂದವರು, ಕತ್ತಲಲ್ಲಿ ಕುರ್ಚಿಯ ತೋಳು ಹಿಡಿದುಕೊಂಡು, ತಮ್ಮ ತಮ್ಮ ಮನೆಯ ಕಲೆಗಳನ್ನು ನೆನಪಿಸಿಕೊಳ್ಳುತ್ತಿದ್ದರು. ಮುದುಕಿಯನ್ನು ಮರೆತಿದ್ದರು, ಅವಳ ಕಣ್ಣನ್ನಂತೂ ಮರೆತೇಬಿಟ್ಟಿದ್ದರು. ಮಾತು ಮುಗಿದ ಮೇಲೂ ಬಹಳ ಹೊತ್ತು ಯಾರೂ ಅಲುಗಾಡಲಿಲ್ಲ. ಆಮೇಲೆ ಬಿದ್ದ ಚಪ್ಪಾಳೆಯಲ್ಲಿ ಹೆದರಿಕೆ ಇತ್ತು.

ಕಂಟ್ರೋಲ್ ರೂಮಿನ ಬಾಗಿಲನ್ನು ಹೊರಗಿನಿಂದ ಬಡಿಯುತ್ತಿದ್ದರು. ದೀಪದಕ್ಕ ನಿಧಾನವಾಗಿ ಬೆಳಕು ಏರಿಸಿ, ಚಿಲಕ ತೆಗೆದು, ಕೆಂಪಗಾಗಿದ್ದ ಮ್ಯಾನೇಜರ್‌ನನ್ನು ದಾಟಿಕೊಂಡು ಗ್ರೀನ್ ರೂಮಿಗೆ ಹೋದಳು. “ನಾಳೆ ಬೆಳಗ್ಗೆ ನನ್ನ ಕೋಣೆಗೆ ಬರ್ಬೇಕು ನೀವು!” ಎಂದು ಅವನು ಹಿಂದಿನಿಂದ ಕೂಗಿದ. ಅಂದು ಮೊದಲ ಬಾರಿಗೆ ಅವನ ದನಿಯಲ್ಲಿ ಬೆಣ್ಣೆ ಇರಲಿಲ್ಲ, ಅದು ಅವಳಿಗೆ ಎಷ್ಟೋ ಹಿತವಾಯಿತು.

ಅತ್ತೆ ಕನ್ನಡಿಗೆ ಬೆನ್ನು ಮಾಡಿ ಕೂತಿದ್ದಳು. ಮುಖದ ಬಣ್ಣ ಇನ್ನೂ ಹಾಗೇ ಇತ್ತು. ಒರೆಸುವ ಬಟ್ಟೆ ತೊಡೆಯ ಮೇಲಿತ್ತು. ಸೊಸೆಯ ಹೆಜ್ಜೆಯ ಸದ್ದು ಗುರುತಿಸಿದಳು.

“ಕೊನೇ ಮಾತು ಕೇಳಿದ್ರು ಕಣೇ. ಮೊದಲೆಲ್ಲ ಕೋತಿ ಕುಣಿತಕ್ಕೆ ಹೊಡೆದ ಹಾಗೆ ಹೊಡೀತಿದ್ರು. ಕೊನೇಲಿ ಮಾತ್ರ ಒಬ್ಬರೂ ಉಸಿರೆತ್ತಲಿಲ್ಲ. ಏನಾಯ್ತು ಅವರಿಗೆ?”

ಒಂದು ಒಳ್ಳೆಯ ಸುಳ್ಳು ಅಲ್ಲೇ ಸಿದ್ಧವಾಗಿತ್ತು. ನಿಮ್ಮ ನಟನೆಗೆ ಬೆರಗಾದರು ಅತ್ತೆ, ಎಂದರೆ ಮುಗಿಯುತ್ತಿತ್ತು. ದೀಪದಕ್ಕ ಪಕ್ಕದಲ್ಲಿ ಕೂತು ಆಕೆಯ ಕೈ ಹಿಡಿದುಕೊಂಡಳು.

“ದೀಪ ಆರಿಸಿಬಿಟ್ಟೆ ಅತ್ತೆ. ನಿಮಗೆ ಬಿಸಿ ಕೊಡೋ ಮೂರು ಬಿಟ್ಟು ಎಲ್ಲಾನೂ. ಅವರಿಗೆ ನೀವು ಕಾಣಿಸ್ತಾನೇ ಇರ್ಲಿಲ್ಲ.”

ಈಗ ಬೈಗುಳ ಬರುತ್ತದೆಂದು ಸೊಸೆ ಕಾದಳು. ಅತ್ತೆ ತೊಡೆಯ ಮೇಲಿನ ಬಟ್ಟೆಯನ್ನು ಎತ್ತಿ ಸೊಸೆಯ ಕೈಗೆ ಕೊಟ್ಟು, ಒರೆಸು ಎಂದು ಮುಖ ಮುಂದೆ ಚಾಚಿದಳು.

“ನಾಳೇನೂ ಆರಿಸು,” ಎಂದಳು.